ಇಳಕಲ್ಲ ಸೀರೆಯಲ್ಲಿ ಔಚಿತ್ಯ

‘ಅಲಂಕಾರ’ ಎಂಬ ಶಬ್ದವನ್ನು ಬಿಡಿಸಿ ನೋಡುವ ರೂಢಿ ಈಚೆಗೆ ಕಡಿಮೆಯಾಗಿದೆ. ಅದರ ಮೊದಲ ಭಾಗವಾದ ‘ಅಲಂ’ ಎಂಬ ಅವ್ಯಯಕ್ಕೆ ಸಂಸ್ಕೃತದಲ್ಲಿ ‘ಸಾಕು’, ‘ತಕ್ಕಷ್ಟು’, ‘ಸಮರ್ಥ’ ಎಂಬ ಅರ್ಥಗಳುಂಟು. ಆದುದರಿಂದ ಅಲಂಕರಿಸುವುದೆಂದರೆ ಮೂಲದಲ್ಲಿ ವಸ್ತುವಿಗೆ ಏನನ್ನೋ ಹೇರುವುದಲ್ಲ. ಅದು ತನ್ನ ಕೆಲಸಕ್ಕೆ ಸಾಲುವಂತೆ, ತನ್ನ ಸ್ಥಾನಕ್ಕೆ ಒಪ್ಪುವಂತೆ ಮಾಡುವುದು. ಆನಂದ ಕುಮಾರಸ್ವಾಮಿಯವರು ೧೯೩೯ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಈ ಅಂಶವನ್ನೇ ಎತ್ತಿಹಿಡಿದು, ಆಭರಣ, ಭೂಷಣ ಮೊದಲಾದ ಮಾತುಗಳೆಲ್ಲ ಹಿಂದೆ ಸಜ್ಜು, ಸಾಧನ ಎಂಬ ಅರ್ಥದಿಂದ ಹೊರಟು ಅನಂತರ ಬರಿಯ ಮೇಲ್ಸಿಂಗಾರದ ಅರ್ಥಕ್ಕೆ ಇಳಿದವೆಂದು ತೋರಿಸಿದರು. ಕಾಶ್ಮೀರದ ಕ್ಷೇಮೇಂದ್ರನು ೧೧ನೆಯ ಶತಮಾನದಲ್ಲಿ ಔಚಿತ್ಯವನ್ನೇ ಕಾವ್ಯದ ಜೀವಿತವೆಂದು ಸಾಧಿಸಹೊರಟಾಗ ಅವನಿಗೆ ಒದಗಿದ ದೃಷ್ಟಾಂತವೂ ಉಡುಗೆತೊಡುಗೆಯದೇ. ನಡುವಿನ ಡಾಬನ್ನು ಕೊರಳಿಗೂ, ಕೊರಳ ಹಾರವನ್ನು ನಡುವಿಗೂ ಕಟ್ಟಿಕೊಂಡವರನ್ನು ಕಂಡು ನಗದವರಾರು ಎಂಬುದು ಅವನ ಮಾತಿನ ತಾತ್ಪರ್ಯ.

ಇಂಥ ವಿಚಾರಗಳಿಗೆ ಕಾವ್ಯವೊಂದೇ ಲಕ್ಷ್ಯವಾಗಬೇಕೆಂಬ ಕಟ್ಟಳೆಯೇನೂ ಇಲ್ಲ. ಸೂತ್ರ, ಗ್ರಂಥ, ಪ್ರಬಂಧ ಎಂಬ ಶಬ್ದಗಳು ನೂಲು, ಗಂಟು, ಕಟ್ಟುಗಳಿಂದ ಬಂದವು. ಸಾಹಿತ್ಯವು ತನ್ನ ಪರಿಭಾಷೆಯನ್ನು ನೇಕಾರನಿಂದ ಸಾಲ ಪಡೆದು ಶತಮಾನಗಳು ಕಳೆದಿವೆ. ಆ ಸಾಲದಲ್ಲಿ ಒಂದಂಶವನ್ನಾದರೂ ಹಿಂದಿರುಗಿಸಿ, ಒಂದು ಸೀರೆಯನ್ನು ಒಂದು ಕೃತಿಯಂತೆ ಓದಿದರೆ ತಪ್ಪಾಗದು. ಉಡುಗೆಯಲ್ಲಿ, ಗೃಹವಸ್ತುಗಳಲ್ಲಿ, ಶಿಲ್ಪದಲ್ಲಿ ‘ಕಾಲಕ್ಕೆ ಮೀರಿದ ಚೆಲುವು’ ಎಂಬ ಹೊಗಳಿಕೆ ಇಂದು ಬಾಯಿಂದ ಬಾಯಿಗೆ ಅಗ್ಗವಾಗಿ ಹರಿದಾಡುತ್ತಿದೆ. ಅಂಗಡಿಯ ಜಾಹೀರಾತಿನಲ್ಲಿಯೂ ಅದೇ ಮಾತು, ಉತ್ಸವದ ಭಾಷಣದಲ್ಲಿಯೂ ಅದೇ ಮಾತು. ಅದರ ಅರ್ಥವೇನೆಂಬುದನ್ನು ಕನ್ನಡಿಗರಿಗೆ ಚಿರಪರಿಚಿತವಾದ ಇಳಕಲ್ಲ ಸೀರೆಯನ್ನು ಮುಂದಿಟ್ಟುಕೊಂಡು ಪರೀಕ್ಷಿಸಬಹುದು.

ಇಳಕಲ್ಲು ಇಂದಿನ ಬಾಗಲಕೋಟೆ ಜಿಲ್ಲೆಯ ಊರು. ೧೯೯೭ರಲ್ಲಿ ಆ ಜಿಲ್ಲೆ ಬೇರೆಯಾಗುವವರೆಗೆ ಅದು ವಿಜಾಪುರ ಜಿಲ್ಲೆಗೆ ಸೇರಿದ್ದಿತು. ಬಹುಕಾಲ ಹುನಗುಂದ ತಾಲ್ಲೂಕಿನ ಪಟ್ಟಣವಾಗಿದ್ದಿತು. ಕೆಂಪು ಗ್ರಾನೈಟು ಕಲ್ಲಿಗೆ ಅದು ಹೆಸರುವಾಸಿ. ಕೂಡಲಸಂಗಮ ಅಲ್ಲಿಂದ ದೂರವಲ್ಲ. ಐಹೊಳೆ, ಪಟ್ಟದಕಲ್ಲುಗಳೂ ಅದೇ ಜಿಲ್ಲೆಯವು. ‘ಕವಿರಾಜಮಾರ್ಗ’ಕಾರನು ೯ನೆಯ ಶತಮಾನದಲ್ಲಿ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಗುರುತಿಸಿದನಷ್ಟೆ. ಆ ತಿರುಳ್ಗನ್ನಡ ಸೀಮೆಗೆ ಇಳಕಲ್ಲು ಅಂಚು ನೇಯ್ದಂತೆ ಕುಳಿತಿದೆ ಎಂದರೆ ಅತಿಶಯೋಕ್ತಿಯಾಗದು.

ಸೀರೆಯ ರೂಪವನ್ನು ಮೊದಲು ಕಣ್ಣಿನಿಂದ ಓದಬೇಕು. ಒಡಲು ಹೆಚ್ಚಾಗಿ ಹತ್ತಿಯದು. ಅದು ಒಂದೇ ಬಣ್ಣದ್ದಾಗಿರಬಹುದು, ಗೀರಿನದಾಗಿರಬಹುದು, ಸಣ್ಣ ಚೌಕಳಿಯದಾಗಿರಬಹುದು; ಅದಕ್ಕಿಂತ ಹೆಚ್ಚಿನ ಚಪಲ ಒಡಲಿಗೆ ಇಲ್ಲ. ದಾಳಿಂಬೆಯ ಕೆಂಪು, ನವಿಲ ಹಸಿರು, ಗಿಳಿಹಸಿರು ಹಳೆಯ ಮೆಚ್ಚಿಕೆಯ ಬಣ್ಣಗಳು, ಮದುಮಗಳಿಗೆ ಗಿರಿಕುಂಕುಮ. ಅಂಚು ನಾಲ್ಕರಿಂದ ಆರು ಅಂಗುಲದಷ್ಟು ಅಗಲ, ಬಹುಮಟ್ಟಿಗೆ ಕೆಂಪು. ಅದಕ್ಕೆ ದಡಿಯೆಂದು ಆ ಕಡೆಯ ಹೆಸರು. ಗೋಮಿ, ಪರಾಸ, ಗಾಡಿ, ಜರಿ ಎಂದು ದಡಿಗಳಲ್ಲಿ ಭೇದಗಳುಂಟು. ಪರಾಸದಲ್ಲಿಯೂ ಚಿಕ್ಕಿಪರಾಸ, ದೊಡ್ಡಪರಾಸ ಎಂಬ ಒಳಭೇದ. ಕೊನೆಗೆ ಸೆರಗು. ಅದು ಅಚ್ಚ ಕೆಂಪು, ರೇಷ್ಮೆಯದು. ಮೂರು ಕೆಂಪು ಪಟ್ಟಿಗಳ ನಡುವೆ ಎರಡು ಬಿಳಿಯ ಪಟ್ಟಿಗಳು. ಕೆಂಪು ಬಿಳಿಗಳು ಕೂಡುವಲ್ಲಿ ಹಲ್ಲುಹಲ್ಲಾಗಿ ಏರಿಳಿಯುವ ವಿನ್ಯಾಸ. ಅದನ್ನು ತೋಪುತೆನೆ ಎನ್ನುತ್ತಾರೆ.

‘ತೆನೆ’ಯೆಂಬ ಈ ಮಾತಿನ ಮುಂದೆ ಒಂದು ಕ್ಷಣ ನಿಲ್ಲಬೇಕು. ಕನ್ನಡದಲ್ಲಿ ತೆನೆಯೆಂದರೆ ಜೋಳದ ತೆನೆಯೂ ಹೌದು, ಕೋಟೆಯ ಗೋಡೆಯ ಮೇಲಿನ ಹಲ್ಲುಗಟ್ಟಿದ ಏರಿಳಿತವೂ ಹೌದು. ಸೆರಗಿನ ಮಾದರಿಗಳ ಹೆಸರುಗಳಲ್ಲಿ ಹಣಿಗೆಯುಂಟು, ಕೋಟೆಯುಂಟು, ಜೋಳದ ತೆನೆಯುಂಟು, ಗುಡ್ಡದ ಸಾಲೂ ಉಂಟು. ಬಯಲುಸೀಮೆಯ ಒಬ್ಬ ಹೆಣ್ಣುಮಗಳು ಬೆಳಗಿನಿಂದ ಬೈಗಿನವರೆಗೆ ಕಾಣುವ ವಸ್ತುಗಳೇ ಅವೆಲ್ಲ: ತಲೆ ಬಾಚುವ ಹಣಿಗೆ, ಹೊಲದ ಬೆಳೆ, ದೂರದ ಗುಡ್ಡ, ಊರಿನ ಹಾಳುಗೋಡೆ. ಆದರೆ ಯಾವುದೂ ಚಿತ್ರವಾಗಿ ಬರುವುದಿಲ್ಲ. ತೆನೆಯಲ್ಲಿ ಕಾಳು ಕಾಣದು, ಕೋಟೆಯಲ್ಲಿ ಕಲ್ಲು ಕಾಣದು. ಏರುವ ಇಳಿಯುವ ಗತಿಯೊಂದೇ ಉಳಿದಿರುತ್ತದೆ. ನಾಲ್ಕು ವಸ್ತುಗಳಿಗೂ ಸಮಾನವಾದ ಒಂದು ಲಯವನ್ನು ಹಿಡಿದು, ಮಿಕ್ಕುದೆಲ್ಲವನ್ನೂ ಕೈಬಿಟ್ಟ ಬುದ್ಧಿ ಅದು. ಹೀಗೆ ಕೈಬಿಡುವ ಧೈರ್ಯ ಹೊಸಬನಿಗೆ ಬರುವುದಿಲ್ಲ. ತಲೆಮಾರುಗಳ ಬಳಕೆಯಿಂದ ಬರುತ್ತದೆ.

ಇಳಕಲ್ಲ ಸೀರೆಯ ನಿಜವಾದ ಹೆಚ್ಚಳ ಮಾತ್ರ ಈ ವಿನ್ಯಾಸದಲ್ಲಿಲ್ಲ, ಅದರ ಹಿಂದಿರುವ ಜೋಡಣೆಯಲ್ಲಿದೆ. ಸಾಮಾನ್ಯವಾದ ಸೀರೆಯಲ್ಲಿ ಹಾಸಿನ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಅಖಂಡವಾಗಿ ಸಾಗುತ್ತವೆ. ಒಡಲಿನ ಹಾಸು ಹಸಿರಾಗಿದ್ದರೆ ಸೆರಗಿನ ಹಾಸೂ ಹಸಿರೇ; ಹೊಕ್ಕಿನಲ್ಲಿ ಎಷ್ಟೇ ಕೆಂಪು ನೂಲನ್ನು ಹೊಗಿಸಿದರೂ ಸೆರಗಿನ ಕೆಂಪಿನೊಳಗೆ ಹಸಿರಿನ ಛಾಯೆ ಬೆರೆತೇ ತೀರುತ್ತದೆ. ಇಳಕಲ್ಲಿನ ನೇಕಾರನು ಈ ಬೆರಕೆಯನ್ನು ಒಪ್ಪಲಿಲ್ಲ. ಅವನು ಒಡಲಿಗೊಂದು ಹಾಸು, ಸೆರಗಿಗೆ ಬೇರೆಯೇ ಒಂದು ಹಾಸು ಹೂಡಿ, ಎರಡರ ತುದಿಗಳನ್ನೂ ಕುಣಿಕೆಗೆ ಕುಣಿಕೆ ಸೇರಿಸಿ ಕೊಂಡಿಹಾಕುತ್ತಾನೆ. ಹೊಲಿಗೆಯಿಲ್ಲ, ತೇಪೆಯಿಲ್ಲ, ಮಗ್ಗದ ಮೇಲೆಯೇ ಒಂದು ಬಟ್ಟೆ ಮುಗಿದು ಮತ್ತೊಂದು ಬಟ್ಟೆ ಮೊದಲಾಗುತ್ತದೆ, ಆದರೂ ಅದು ಒಂದೇ ಬಟ್ಟೆ. ಕೆಂಪು ಹಾಸಿನ ಮೇಲೆ ಕೆಂಪು ಹೊಕ್ಕು ಬಿದ್ದಾಗ ಮೂಡುವ ಆ ತುಂಬು ಕೆಂಪಿಗೆ ಕಾರಣ ಬಣ್ಣದ ಹದವೊಂದೇ ಅಲ್ಲ, ಈ ಕೊಂಡಿ. ಅಡ್ಡಡ್ಡಲಾಗಿಯೂ ಇದೇ ನಿಷ್ಠೆ ನಡೆಯುತ್ತದೆ: ಮೂರು ಲಾಳಿಗಳನ್ನು ಹಿಡಿದು ಎರಡು ಅಂಚುಗಳಿಗೂ ಒಡಲಿಗೂ ಬೇರೆ ಬೇರೆ ಹೊಕ್ಕು ಹಾಕಿ, ಅವು ಸಂಧಿಸುವಲ್ಲಿ ಒಂದನ್ನೊಂದು ತೊಡರಿಸುತ್ತಾರೆ. ಅಂಚು ಅಂಚಾಗಿಯೇ ಇರಬೇಕು, ಒಡಲು ಒಡಲಾಗಿಯೇ ಇರಬೇಕು. ಎರಡೂ ಬೇರ್ಪಡಲೂ ಬಾರದು.

ಈ ಪದ್ಧತಿಯಿಂದ ನೇಕಾರನಿಗೆ ಆಗುವ ನಷ್ಟವನ್ನು ಎಣಿಸಿದರೆ ಅದರ ಬೆಲೆ ತಿಳಿಯುತ್ತದೆ. ಉದ್ದನೆಯ ಹಾಸನ್ನು ಒಮ್ಮೆ ಹೂಡಿ ಹಲವು ಸೀರೆಗಳನ್ನು ಸಾಲಾಗಿ ನೇಯ್ದು ಕತ್ತರಿಸುವ ಸೌಕರ್ಯ ಇಲ್ಲಿಲ್ಲ. ಆರು ಗಜವೋ ಎಂಟು ಗಜವೋ ಒಂಬತ್ತು ಗಜವೋ, ಒಂದು ಸೀರೆಗೆ ಬೇಕಾದಷ್ಟೇ ಹಾಸನ್ನು ಅಳೆದು ಸಿದ್ಧಪಡಿಸಬೇಕು. ಪ್ರತಿ ಸೀರೆಗೂ ಕೊಂಡಿಯ ಕೆಲಸ ಹೊಸದಾಗಿ ಮೊದಲಾಗಬೇಕು. ಲೆಕ್ಕಾಚಾರದ ಬುದ್ಧಿಗೆ ಇದು ಹುಚ್ಚೆನಿಸೀತು. ಸೆರಗಿನ ಕೆಂಪು ಸ್ವಲ್ಪ ಮಂಕಾದರೆ ಯಾರ ಮನೆ ಮುಳುಗೀತು ಎಂದು ಕೇಳಬಹುದು. ಹಾಗೆ ಕೇಳದೆ ಕುಳಿತು ಕೊಂಡಿ ಹಾಕಿದವರು ಇದ್ದುದರಿಂದಲೇ ಈ ಸೀರೆ ಇದೆ.

ಸೆರಗಿನ ಮೇಲೆ ಇಷ್ಟೊಂದು ಶ್ರಮವನ್ನು ಸುರಿದು, ಒಡಲನ್ನು ಸರಳವಾಗಿ ಬಿಟ್ಟುದೇಕೆಂಬುದು ಮುಂದಿನ ಪ್ರಶ್ನೆ. ಉತ್ತರ ಉಟ್ಟಾಗ ದೊರೆಯುತ್ತದೆ. ಸೀರೆಯ ಒಡಲು ನಿರಿಗೆಗಳೊಳಗೆ, ಕಚ್ಚೆಯೊಳಗೆ ಮಡಚಿಕೊಂಡು ಹೋಗುವ ಭಾಗ. ಕೂತು, ಎದ್ದು, ಬಾಗಿ, ಹೊಲದಲ್ಲಿ ಕಳೆ ಕಿತ್ತು, ಬಾವಿಯಲ್ಲಿ ನೀರು ಸೇದಿ ಅದು ದುಡಿಯುತ್ತದೆ. ಅಲ್ಲಿಗೆ ಹತ್ತಿಯೇ ತಕ್ಕುದು, ಗೀರು ಚೌಕಳಿಗಳೇ ಸಾಕು. ಅಂಚು ಕಾಲಬಳಿ ಸುತ್ತುತ್ತ ಉಡುಗೆಗೆ ತೂಕ ಕೊಡುತ್ತದೆ, ನಿರಿಗೆ ಚೆದರದಂತೆ ಕಾಯುತ್ತದೆ. ಸೆರಗಿನ ಸ್ಥಾನ ತಲೆ, ಹೆಗಲು, ಬೆನ್ನು. ಉತ್ತರ ಕರ್ನಾಟಕದ ಹಿರಿಯ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ನಡೆಯುವುದನ್ನು ಕಂಡವರಿಗೆ ಹೇಳಬೇಕಾದುದಿಲ್ಲ: ಮಾಸಿದ ಹಸಿರು ಒಡಲಿನ ಮೇಲೆ ಮುಖದ ಸುತ್ತ ಆ ಒಂದೇ ಕೆಂಪು ಎದ್ದು ಕಾಣುತ್ತದೆ. ಅದು ಬೇರೆಡೆ ಇದ್ದಿದ್ದರೆ ಅಷ್ಟು ಒಪ್ಪುತ್ತಿರಲಿಲ್ಲ; ಎಲ್ಲೆಡೆಯೂ ಇದ್ದಿದ್ದರೆ ಕಾಣುತ್ತಲೇ ಇರಲಿಲ್ಲ. ಕ್ಷೇಮೇಂದ್ರನು ಶ್ಲೋಕಗಳಲ್ಲಿ ಹುಡುಕಿದ ಔಚಿತ್ಯ ಇದೇ ಎಂದರೆ ಸಲ್ಲುತ್ತದೆ. ರೇಷ್ಮೆ ಎಲ್ಲಿ ಬೇಕೋ ಅಲ್ಲಿ, ಹತ್ತಿ ಎಲ್ಲಿ ಬೇಕೋ ಅಲ್ಲಿ. ಎರಡನ್ನೂ ಸೇರಿಸುವ ಕೆಲಸ ಯಾರ ಕಣ್ಣಿಗೂ ಬೀಳದ ಕಡೆ. ನೆರೆಯ ಮಹಾರಾಷ್ಟ್ರದಲ್ಲಿ ಒಂಬತ್ತು ಗಜವನ್ನು ಕಚ್ಚೆಹಾಕಿ ಉಡುವವರೂ ಈ ಸೀರೆಯನ್ನು ‘ಇರಕಲ್’ ಎಂಬ ಹೆಸರಿನಿಂದ ತಮ್ಮದಾಗಿಸಿಕೊಂಡರು. ಉಡುವ ಕ್ರಮ ಬೇರೆಯಾದರೂ ಸೀರೆಯ ನ್ಯಾಯ ಕೆಡಲಿಲ್ಲ.

ಇನ್ನು ಕಾಲದ ಮಾತು. ಇಳಕಲ್ಲಿನ ನೇಯ್ಗೆ ೮ನೆಯ ಶತಮಾನದಿಂದ ಬಂದುದೆಂದು ಹೇಳುವ ವಾಡಿಕೆಯುಂಟು. ಊರಿನ ನೇಯ್ಗೆಗೆ ವಯಸ್ಸಾಗಿರಬಹುದು. ಆದರೆ ನೇಯ್ಗೆಯ ವಯಸ್ಸೇ ಸೀರೆಯ ವಯಸ್ಸಲ್ಲ. ಐಹೊಳೆ, ಬಾದಾಮಿಗಳ ಶಿಲ್ಪದಲ್ಲಿ ಕಾಣುವ ಸ್ತ್ರೀಯರ ಉಡುಗೆ ಇಂದಿನ ಇಳಕಲ್ಲ ಸೀರೆಯಲ್ಲವೆಂಬುದನ್ನು ಒಮ್ಮೆ ನೋಡಿ ಬಂದವರೂ ಬಲ್ಲರು. ಅಷ್ಟು ಹಿಂದಕ್ಕೆ ಹೋಗಬೇಕಾದುದೂ ಇಲ್ಲ. ಇಂಗ್ಲೆಂಡಿನ ಪರ್ಕಿನ್ ಎಂಬ ತರುಣನು ೧೮೫೬ರಲ್ಲಿ ಕಲ್ಲಿದ್ದಲಿನ ಡಾಂಬರಿನಿಂದ ದೊರೆಯುವ ದ್ರವ್ಯದಿಂದ ಕೃತಕ ಬಣ್ಣವನ್ನು ತೆಗೆದ ಮೇಲೆ, ಮಂಜಿಷ್ಠದ ಕೆಂಪು ೧೮೬೯ರ ಹೊತ್ತಿಗೂ, ನೀಲಿ ೧೮೯೭ರ ಹೊತ್ತಿಗೂ ಕಾರ್ಖಾನೆಯ ಸರಕಾದವು. ಕ್ರಮೇಣ ನಮ್ಮ ಮಗ್ಗಗಳೂ ಬೇರು, ಎಲೆ, ಅರಗುಗಳ ಬಣ್ಣವನ್ನು ಬಿಟ್ಟು ಡಬ್ಬದ ಬಣ್ಣಕ್ಕೆ ತಿರುಗಿದುವು. ಕೈಯಿಂದ ಎಸೆಯುವ ಲಾಳಿಯ ಪಕ್ಕದಲ್ಲಿ ಹಗ್ಗ ಜಗ್ಗುವ ಲಾಳಿ ಬಂದಿತು. ರೇಷ್ಮೆ ದುಬಾರಿಯಾದಾಗ ‘ಚಮಕ’ವೆಂದು ಕರೆಯಲ್ಪಡುವ ಕೃತಕ ರೇಷ್ಮೆ ಅಂಚನ್ನೂ ಸೆರಗನ್ನೂ ಹೊಕ್ಕಿತು. ಒಂಬತ್ತು ಗಜ ಎಷ್ಟೋ ಮನೆಗಳಲ್ಲಿ ಆರಕ್ಕೆ ಇಳಿಯಿತು. ಕುಣಿಮಗ್ಗದ ಜೊತೆಗೆ ಚೌಕಟ್ಟಿನ ಮಗ್ಗ ಕಾಣಿಸಿಕೊಂಡಿತು. ‘ಅನಾದಿಯಿಂದ ಬದಲಾಗದ’ ಸೀರೆಯೆಂಬ ಭಾಷಣದ ಮಾತು ಇಷ್ಟರಲ್ಲಿಯೇ ಬಿದ್ದುಹೋಗುತ್ತದೆ.

ಹಾಗಾದರೆ ಉಳಿದುದೇನು? ಬಣ್ಣದ ಮೂಲ ಬದಲಾಯಿತು, ಕೆಂಪು ಬಿಳಿಗಳ ಸಂಬಂಧ ಬದಲಾಗಲಿಲ್ಲ. ಎಳೆ ಬದಲಾಯಿತು, ಒಡಲು ಸೆರಗುಗಳ ನಡುವಣ ಸಂಧಿ ಬದಲಾಗಲಿಲ್ಲ. ಉದ್ದ ಬದಲಾಯಿತು, ಪ್ರಮಾಣ ಬದಲಾಗಲಿಲ್ಲ. ಆದುದರಿಂದ ಇಂಥ ವಸ್ತುವನ್ನು ‘ಕಾಲಾತೀತ’ ಎನ್ನುವುದಕ್ಕಿಂತ ‘ಕಾಲಸಹ’ ಎನ್ನುವುದು ಹೆಚ್ಚು ನ್ಯಾಯ. ಕಾಲಾತೀತವಾದುದು ಕಾಲವನ್ನು ಮುಟ್ಟದೆ ಮೇಲೆ ನಿಂತಿರುತ್ತದೆ. ಕಾಲಸಹವಾದುದು ಕಾಲದ ಏಟನ್ನು ತಿನ್ನುತ್ತ, ಬಿಡಬಹುದಾದುದನ್ನು ಬಿಡುತ್ತ, ಬಿಡಬಾರದುದನ್ನು ಹಿಡಿದುಕೊಂಡು ನಡೆಯುತ್ತದೆ. ಮೊದಲನೆಯದನ್ನು ಗಾಜಿನ ಪೆಟ್ಟಿಗೆಯಲ್ಲಿಡಬಹುದು. ಎರಡನೆಯದನ್ನು ಒಗೆದು ಹಿಂಡಿ ಬಿಸಿಲಿಗೆ ಹರವಬೇಕು.

ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರಕಾರದ ಆಹ್ವಾನದ ಮೇಲೆ ಈ ದೇಶವನ್ನು ಸುತ್ತಿ ೧೯೫೮ರಲ್ಲಿ ಒಂದು ವರದಿಯನ್ನು ಒಪ್ಪಿಸಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ೧೯೬೧ರಲ್ಲಿ ಹುಟ್ಟಲು ಕಾರಣವಾದುದು ಆ ವರದಿಯೇ. ದೇಶದಲ್ಲೆಲ್ಲ ಸುತ್ತಿದ ಅವರು ಅತ್ಯಂತ ಮೆಚ್ಚಿದ ವಸ್ತು ಒಂದು ದೇಗುಲವಲ್ಲ, ಅರಮನೆಯ ಆಭರಣವಲ್ಲ. ನೀರು ತುಂಬುವ ತಂಬಿಗೆ. ಅದನ್ನು ಯಾರೊಬ್ಬರೂ ರೂಪಿಸಲಿಲ್ಲ, ಹಲವು ತಲೆಮಾರುಗಳ ಕೈಗಳು ರೂಪಿಸಿದವು. ಹಿಡಿತ, ತೂಕ, ಸುರಿಯುವಿಕೆ, ತೊಳೆಯುವಿಕೆ, ತಲೆಯ ಮೇಲೋ ನಡುವಿನ ಮೇಲೋ ಹೊರುವ ಬಗೆ, ಬರಿದಾದಾಗಿನ ಸಮತೋಲ, ಎಲ್ಲವೂ ಅದರ ಆಕಾರದಲ್ಲಿ ಸೇರಿವೆಯೆಂಬುದು ಅವರ ವಾದದ ಸಾರ. ಇಳಕಲ್ಲ ಸೀರೆಗೂ ಈ ಮಾತು ಹೊಂದುತ್ತದೆ. ಅದಕ್ಕೆ ಕರ್ತೃವಿನ ಅಂಕಿತವಿಲ್ಲ. ಪಾಶ್ಚಾತ್ಯ ಉಡುಪಿನ ಲೋಕದಲ್ಲಿ ಇದಕ್ಕೆ ವಿರುದ್ಧವಾದ ದಾರಿಯೊಂದಿದೆ: ಪ್ಯಾರಿಸಿನ ಶನೆಲ್ ಎಂಬಾಕೆ ರೂಪಿಸಿದ ಸರಳವಾದ ಕರಿಯ ಉಡುಪಿನ ಚಿತ್ರವನ್ನು ೧೯೨೬ರಲ್ಲಿ ಅಮೆರಿಕದ ‘ವೋಗ್’ ಪತ್ರಿಕೆ ಅಚ್ಚುಮಾಡಿ, ಎಲ್ಲರಿಗೂ ಒಪ್ಪುವ ಫೋರ್ಡ್ ಮೋಟಾರಿಗೆ ಅದನ್ನು ಹೋಲಿಸಿತು. ಆ ಉಡುಪೂ ಕಾಲವನ್ನು ಸಹಿಸಿದೆ. ಅದೂ ಬೇಡವಾದುದನ್ನು ಕಳೆಯುವುದರಿಂದಲೇ ಚೆಲುವನ್ನು ಸಾಧಿಸಿತು. ಆದರೆ ಅಲ್ಲಿ ಕಳೆಯುವಿಕೆ ಒಬ್ಬರ ಹೆಸರಾಯಿತು, ಹೆಸರು ಮಾರಾಟದ ಸರಕಾಯಿತು. ಇಲ್ಲಿ ಅದು ಯಾರ ಹೆಸರೂ ಆಗದೆ ಒಂದು ಊರಿನ ಹೆಸರಾಗಿ ಉಳಿಯಿತು.

ಕಪ್ಪಿನ ಮಾತು ಬಂದುದರಿಂದ ಚಂದ್ರಕಳೆ ಸೀರೆಯನ್ನೂ ಕಸೂತಿಯನ್ನೂ ನೆನೆಯದೆ ಮುಂದುವರಿಯಲಾಗದು. ಧಾರವಾಡ ಸೀಮೆಯ ಹೆಣ್ಣುಮಕ್ಕಳು ಕರಿಯ ಸೀರೆಯ ಮೇಲೆ ಗೋಪುರ, ತೇರು, ಅಂಬಾರಿಯ ಆನೆ, ತೊಟ್ಟಿಲು, ತುಳಸಿಕಟ್ಟೆಗಳನ್ನು ಸೂಜಿಯಿಂದ ಮೂಡಿಸಿದರು. ಗಾವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಹೊಲಿಗೆ ನಾಲ್ಕು ಬಗೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ನೂಲಿನ ಎಳೆಗಳನ್ನು ಎಣಿಸಿಕೊಂಡೇ ಹೊಲಿಯುತ್ತಾರೆ. ಎಲ್ಲಿಯೂ ಗಂಟು ಹಾಕುವುದಿಲ್ಲ. ಗಾವಂತಿ ಮುರ್ಗಿಗಳಲ್ಲಿ ಬಟ್ಟೆಯ ಒಳಮೈ ಹೊರಮೈಗಳೆರಡೂ ಒಂದೇ ತೆರನಾಗಿರುತ್ತವೆ. ಒಳಗೂ ಹೊರಗೂ ಒಂದೇ ಆಗಿರಬೇಕೆಂಬ ಮಾತನ್ನು ವಚನ ಸಾಹಿತ್ಯದಲ್ಲಿ ಬಲ್ಲವರಿಗೆ ಈ ಹೊಲಿಗೆಯ ಹಿಂಬದಿಯನ್ನು ತಿರುಗಿಸಿ ನೋಡುವುದು ಒಳ್ಳೆಯ ವ್ಯಾಖ್ಯಾನವಾದೀತು. ಇಳಕಲ್ಲ ಸೆರಗಿನ ಹಿಂಬದಿ ಹಾಗಿಲ್ಲವೆಂಬುದನ್ನೂ ಹೇಳಿಬಿಡಬೇಕು. ಒಡಲು ಸೆರಗುಗಳು ಕೂಡುವಲ್ಲಿ ಬೆರಳಾಡಿಸಿದರೆ ಕೊಂಡಿಯ ಸಣ್ಣ ಉಬ್ಬು ತಾಗುತ್ತದೆ. ಅದನ್ನು ದೋಷವೆಂದು ಕೆಲವರು ಎಣಿಸುವುದುಂಟು. ದೋಷವಲ್ಲ, ಎರಡು ಬೇರೆ ವಸ್ತುಗಳು ಸೇರಿವೆಯೆಂಬುದನ್ನು ಬಟ್ಟೆ ಮುಚ್ಚಿಡುತ್ತಿಲ್ಲ, ಅಷ್ಟೆ.

ಶರಣ ಸಾಹಿತ್ಯದ ಓದುಗರಿಗೆ ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಉಡುಗೆಯನ್ನೇ ಕಳಚಿ, ಕೂದಲನ್ನೇ ಉಡುಗೆಯಾಗಿಸಿಕೊಂಡು ನಡೆದ ಅಕ್ಕಮಹಾದೇವಿಯ ಪರಂಪರೆಯಲ್ಲಿ ಸೀರೆಯ ಸೊಬಗಿಗೆ ಸ್ಥಾನವೆಲ್ಲಿ? ಸಂದೇಹ ಯುಕ್ತವಾದುದೇ. ಆದರೆ ಅಕ್ಕನು ಬಿಟ್ಟುದು ಅರಮನೆಯ ಹಂಗನ್ನು; ನೇಕಾರನ ಕಾಯಕವನ್ನು ಆಕೆ ಹಳಿದಳೆಂದು ಹೇಳಲು ಆಧಾರವಿಲ್ಲ. ಅದೇ ಪರಂಪರೆಯ ಮೊದಲಿಗರಲ್ಲಿ ಎಣಿಕೆಯಾಗುವ ಮುದನೂರಿನ ಜೇಡರ ದಾಸಿಮಯ್ಯನು ಮಗ್ಗದ ಮುಂದೆ ಕುಳಿತವನು. ಸೊನ್ನಲಿಗೆಯ ಅಮುಗೆ ದೇವಯ್ಯ, ರಾಯಮ್ಮ ದಂಪತಿಗಳೂ ನೇಯ್ಗೆಯವರು. ದಾಸಿಮಯ್ಯನ ವಚನಗಳ ಗಾತ್ರವನ್ನು ಗಮನಿಸಿದವರಿಗೆ ಒಂದು ಸಂಗತಿ ಹೊಳೆಯದಿರದು. ನಾಲ್ಕೈದು ಸಾಲುಗಳಲ್ಲಿ ವಿಷಯ ಮುಗಿಯುತ್ತದೆ. ಉಪಮೆ ಇದ್ದರೆ ಒಂದು, ಅದೂ ಮನೆ ಹೊಲಗಳಿಂದ ಬಂದುದು. ಕೊನೆಗೆ ರಾಮನಾಥನ ಅಂಕಿತ. ಒಡಲು ಸರಳ, ಕೊನೆ ದಿಟ್ಟ, ನಡುವೆ ಬಿರುಕು ಕಾಣದ ಸಂಧಿ. ಮಗ್ಗದಿಂದಲೇ ವಚನದ ರೂಪ ಹುಟ್ಟಿತೆಂದು ವಾದಿಸಹೊರಟರೆ ಅದು ಅತಿಯಾದೀತು, ನೇಕಾರರಲ್ಲದ ಶರಣರೂ ಅಡಕವಾಗಿಯೇ ಬರೆದರು. ಇಷ್ಟನ್ನು ಮಾತ್ರ ಹೇಳಬಹುದು: ಅಳತೆ ಮೀರಿದರೆ ಎಳೆ ಕಡಿಯುತ್ತದೆಂಬುದನ್ನು ಕೈಯಿಂದ ಬಲ್ಲವನಿಗೆ ಮಾತಿನಲ್ಲಿಯೂ ಆ ಹದ ಸುಲಭವಾಗಿ ಬರುತ್ತದೆ. ದಾಸಿಮಯ್ಯನು ಬಹುದಿನ ನೇಯ್ದ ಬಟ್ಟೆಯನ್ನು ವೃದ್ಧಜಂಗಮನೊಬ್ಬನು ಬೇಡಿ ಪಡೆದು, ಅವನ ಕಣ್ಣೆದುರಿಗೇ ಸೀಳಿಹಾಕಿದ ಕಥೆ ಪುರಾಣಗಳಲ್ಲಿ ಪ್ರಸಿದ್ಧವಾಗಿದೆ. ನೇಕಾರನು ಕೋಪಿಸಲಿಲ್ಲ, ತವನಿಧಿಯನ್ನು ಪಡೆದನೆಂದು ಕಥೆ ಮುಂದುವರಿಯುತ್ತದೆ. ಭಕ್ತರು ತವನಿಧಿಯ ಭಾಗವನ್ನು ನೆನಪಿಡುತ್ತಾರೆ. ನೇಯ್ಗೆ ಬಲ್ಲವರು ಆ ಸೀಳಿದ ಶಬ್ದವನ್ನು ಮೊದಲು ಕೇಳುತ್ತಾರೆ.

ಇಂದು ಆ ಸೀಳುವಿಕೆ ಬೇರೆ ರೀತಿಯಲ್ಲಿ ನಡೆದಿದೆ. ತೋಪುತೆನೆಯ ಚಿತ್ರವನ್ನು ವಿದ್ಯುನ್ಮಗ್ಗದ ಬಟ್ಟೆಯ ಮೇಲೆ, ಪಾಲಿಯೆಸ್ಟರಿನ ಮೇಲೆ ಅಚ್ಚೊತ್ತಿ ಇಳಕಲ್ಲ ಹೆಸರಿನಿಂದಲೇ ಮಾರುವುದನ್ನು ಯಾವ ಪೇಟೆಯಲ್ಲಿಯೂ ಕಾಣಬಹುದು. ಚಿತ್ರ ತಪ್ಪಿಲ್ಲ, ಹಲ್ಲುಗಳ ಲೆಕ್ಕವೂ ಸರಿಯಾಗಿರಬಹುದು. ಕೊಂಡಿ ಮಾತ್ರ ಇಲ್ಲ. ಕೊಂಡಿ ಇಲ್ಲದ ತೆನೆಗೆ ಅರ್ಥವೂ ಇಲ್ಲ, ಏಕೆಂದರೆ ಆ ಸೆರಗು ಬೇರೆಯಾಗಿ ನಿಂತು ಕೂಡಿದುದಲ್ಲ, ಮೇಲೆ ಬರೆದುದು. ಕುಮಾರಸ್ವಾಮಿಯವರು ಹೇಳಿದ ಅರ್ಥಪತನ ಇಲ್ಲಿ ಕಣ್ಣೆದುರಿಗಿದೆ: ಸಜ್ಜಾಗಿದ್ದುದು ಸಿಂಗಾರವಾಯಿತು. ಸರಕಾರ ಸುಮ್ಮನಿರಲಿಲ್ಲ. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾಯಿದೆ ೧೯೮೫ರಲ್ಲಿ ಬಂದಿತು. ೧೯೯೩ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮೊದಲು ೨೨ ಬಗೆಗಳಿಗೆ ಇದ್ದ ಆ ಮೀಸಲಾತಿ ಅನಂತರ ೧೧ಕ್ಕೆ ಇಳಿಯಿತು. ೧೯೯೯ರ ಕಾಯಿದೆಯ ಮೇರೆಗೆ ಇಳಕಲ್ಲ ಸೀರೆಗೂ, ಕಸೂತಿಗೂ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಹೆಸರಿಗೆ ರಕ್ಷಣೆ ಬಂದಿತು ಸರಿ. ಹೆಸರನ್ನು ಕೊಂಡುಕೊಳ್ಳುವವನಿಗೆ ಕೊಂಡಿಯನ್ನು ಗುರುತಿಸುವ ಬೆರಳು ಇಲ್ಲದಿದ್ದರೆ ಮುದ್ರೆ ಏನು ಮಾಡೀತು? ೨೦೦೯–೧೦ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ ೪೩ ಲಕ್ಷಕ್ಕೂ ಮಿಕ್ಕಿದ್ದ ಕೈಮಗ್ಗದ ಕೆಲಸಗಾರರು ೨೦೧೯–೨೦ರ ಗಣತಿಯಲ್ಲಿ ೩೫ ಲಕ್ಷಕ್ಕೆ ಬಂದು ನಿಂತಿದ್ದರು. ಅವರಲ್ಲಿ ಬಹುಪಾಲು ಹೆಂಗಸರು. ಮಗ್ಗದ ಮುಂದಿನ ಕೆಲಸ ಕಾಣುತ್ತದೆ. ಅದಕ್ಕೆ ಮೊದಲಿನ ಕಂಡಿಕೆ ಸುತ್ತುವ, ನೂಲು ಬಿಡಿಸುವ, ಹಾಸು ಅಣಿಮಾಡುವ ಕೆಲಸ ಮನೆಯೊಳಗಿನದಾದುದರಿಂದ ಕೂಲಿಯ ಲೆಕ್ಕಕ್ಕೆ ಬರುವುದೇ ಅಪರೂಪ.

ಈ ಸೀರೆಯ ಚೆಲುವನ್ನು ಹೊಗಳುವವರೇ ಅದರ ಬೆಲೆಯ ಮುಂದೆ ಚೌಕಾಸಿಗೆ ನಿಲ್ಲುವುದನ್ನು ಇಲ್ಲಿ ಹೇಳದೆ ಗತ್ಯಂತರವಿಲ್ಲ. ಹದಿನೈದು ನಿಮಿಷ ‘ನಮ್ಮ ಪರಂಪರೆ’ಯ ಮೇಲೆ ಮಾತನಾಡಿದ ನಾಲಿಗೆಯೇ ನೂರು ರೂಪಾಯಿ ಇಳಿಸಲು ಇನ್ನು ಹದಿನೈದು ನಿಮಿಷ ಸವೆಯುತ್ತದೆ. ಸೆರಗಿನ ತುಂಬು ಕೆಂಪು ಯಾವುದೋ ದಿವ್ಯವಾದ ಅಭಿರುಚಿಯಿಂದ ಮೂಡಿದುದಲ್ಲ. ಸೀರೆಸೀರೆಗೂ ಹೊಸದಾಗಿ ಕುಳಿತು ಕೊಂಡಿಹಾಕಿದ ಹೊತ್ತಿನಿಂದ ಮೂಡಿದುದು. ಆ ಹೊತ್ತಿಗೆ ಕೂಲಿ ಕೊಡದೆ ಆ ಕೆಂಪನ್ನು ಬಯಸುವುದರಲ್ಲಿ ಅಭಿರುಚಿ ಇರಬಹುದು, ನ್ಯಾಯವಿಲ್ಲ. ನೇಕಾರನ ಮಗ ಮಗ್ಗವನ್ನು ಬಿಟ್ಟು ಕಲ್ಲುಗಣಿಗೋ ಬೆಂಗಳೂರಿಗೋ ಹೊರಟರೆ ಅವನನ್ನು ಪರಂಪರೆಯ ದ್ರೋಹಿಯೆನ್ನುವ ಅಧಿಕಾರ ಚೌಕಾಸಿ ಮಾಡಿದವರಿಗಿಲ್ಲ.

ಹೊಸ ವಿನ್ಯಾಸಕಾರರ ಬಗೆಗೂ ಎರಡು ಮಾತು. ಒಡಲಿಗೆ ತೆಳುಬಣ್ಣ ಕೊಟ್ಟುದು, ಒಡಲಿಗೂ ರೇಷ್ಮೆ ಹಾಕಿದುದು, ಒಡಲಿನ ಮೇಲೆ ಕಸೂತಿ ಬಿಡಿಸಿದುದು, ಇವಾವುವೂ ಅಪಚಾರವಲ್ಲ. ಈ ಸೀರೆ ಡಬ್ಬದ ಬಣ್ಣವನ್ನೇ ಅರಗಿಸಿಕೊಂಡುದು, ತಿಳಿಗುಲಾಬಿಯನ್ನು ಅರಗಿಸಿಕೊಳ್ಳದೆ? ಆದರೆ ಸೆರಗನ್ನು ಕತ್ತರಿಸಿ ಕಿಟಕಿಯ ಪರದೆಗೋ ಕೈಚೀಲಕ್ಕೋ ಹಚ್ಚಿದಾಗ ತೆನೆ ತನ್ನ ಸ್ಥಾನವನ್ನು ಕಳೆದುಕೊಳ್ಳುತ್ತದೆ. ಕ್ಷೇಮೇಂದ್ರನ ಕೊರಳಿಗೆ ಕಟ್ಟಿದ ಡಾಬಿನ ಕಥೆಯೇ ಅದು. ಒಡಲಿನ ತುಂಬ ತೆನೆಯನ್ನೇ ಹರಡಿದ ಸೀರೆಗಳೂ ಈಗ ಬಂದಿವೆ. ಅವುಗಳಲ್ಲಿ ಶ್ರಮವಿದೆ, ಕೈಚಳಕವಿದೆ. ಕಣ್ಣಿಗೆ ನಿಲ್ಲಲು ಒಂದು ಬಯಲು ಮಾತ್ರ ಇಲ್ಲ. ‘ಅಲಂ’ ಎನ್ನುವ ಹೊತ್ತು ಯಾವುದೆಂದು ಅವುಗಳನ್ನು ಮಾಡಿದವರಿಗೆ ಯಾರೂ ಹೇಳಲಿಲ್ಲವೆಂದು ತೋರುತ್ತದೆ.

ಬಾಳಿಕೆಯ ಕೊನೆಯ ಪರೀಕ್ಷೆ ಅಂಗಡಿಯಲ್ಲಿಲ್ಲ, ಹಳ್ಳಿಯ ಮನೆಯ ಅಟ್ಟದಲ್ಲಿದೆ. ಉಟ್ಟುಟ್ಟು ಹಿಂಜಿದ ಸೀರೆಯನ್ನು ಉತ್ತರ ಕರ್ನಾಟಕದ ಮನೆಗಳಲ್ಲಿ ಎಸೆಯುವುದಿಲ್ಲ. ಮೊದಲು ಅದು ಕೂಸಿನ ಜೋಲಿಯಾಗುತ್ತದೆ. ಅನಂತರ ತುಂಡುತುಂಡಾಗಿ ಕೌದಿಯೊಳಗೆ ಸೇರುತ್ತದೆ. ಒಡಲಿನ ಹತ್ತಿ ಒಗೆದೊಗೆದು ಮೆತ್ತಗಾಗಿರುವುದರಿಂದ ಮೈಗೆ ತಾಗುವ ಪದರಕ್ಕೆ ಅದೇ ಬೇಕು. ರೇಷ್ಮೆಯ ಸೆರಗು ಅಷ್ಟು ಬೇಗ ಹಿಂಜುವುದಿಲ್ಲ. ಮಾಸಿದ ಹಸಿರು ನೀಲಿ ತುಂಡುಗಳ ನಡುವೆ, ಕೌದಿಯ ಯಾವುದೋ ಮೂಲೆಯಲ್ಲಿ, ಓರೆಯಾಗಿ ಹೊಲಿದ ಗೇಣಗಲದ ಕೆಂಪು ತುಂಡೊಂದು ಸಿಗುತ್ತದೆ. ಅದರ ಮೇಲೆ ಎರಡೋ ಮೂರೋ ಬಿಳಿಯ ತೆನೆ, ಒಂದು ಬದಿಯಲ್ಲಿ ಕೊಂಡಿಯ ಉಬ್ಬು, ಅದಕ್ಕೆ ಅಂಟಿಕೊಂಡೇ ಬಂದ ಒಡಲಿನ ನಾಲ್ಕು ಬೆರಳು ಹತ್ತಿ.